ಹಳೆಯ ಪ್ರವಾಸಿ ಸೈಕಲ್ಲಿಗೆ ನ್ಯಾಯವಾದ ಬೆಲೆ

ಈಚೆಗೆ ನಮ್ಮ ವಾಚನಾಲಯದ ಸೂಚನಾಫಲಕದ ಮೇಲೆ ಒಂದು ಚೀಟಿ ಕಾಣಿಸಿಕೊಂಡಿತು. ‘ಗೇರಿನ ಸೈಕಲ್ ಮಾರುವುದಿದೆ. ಬೆಲೆ ೨೮,೦೦೦ ರೂ. ಬೇಕಾದವರು ವಿಚಾರಿಸಿರಿ’ ಎಂದಿಷ್ಟೇ ಅದರಲ್ಲಿ ಬರೆದಿತ್ತು. ಮೂರು ವಾರವಾದರೂ ಯಾರೂ ವಿಚಾರಿಸಲಿಲ್ಲ. ಆಮೇಲೆ ೨೮,೦೦೦ವನ್ನು ಹೊಡೆದು ೨೦,೦೦೦ ಎಂದು ಬರೆಯಲಾಯಿತು. ಇನ್ನೊಂದು ವಾರಕ್ಕೆ ಅದನ್ನೂ ಹೊಡೆದು ೧೨,೦೦೦ ಎಂದಾಯಿತು. ಬೆಲೆ ಹೀಗೆ ದಿಡೀರನೆ ಇಳಿದುದನ್ನು ಕಂಡು, ಕೊಳ್ಳಬೇಕೆಂದಿದ್ದ ಒಬ್ಬಿಬ್ಬರೂ ‘ಇದರಲ್ಲೇನೋ ಐಬಿದೆ’ ಎಂದು ಹಿಂದೆ ಸರಿದರು. ಚೀಟಿಯ ಒಡೆಯರಿಗೆ ಹೈದರಾಬಾದಿಗೆ ವರ್ಗವಾಗಿತ್ತು. ರೈಲು ಹತ್ತುವ ಹಿಂದಿನ ಸಂಜೆ ಅವರು ಆ ಸೈಕಲ್ಲನ್ನು ಒಂದು ಅಂಗಡಿಗೆ ೭,೦೦೦ ರೂಪಾಯಿಗೆ ಕೊಟ್ಟು ಹೋದರು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹೇಳಿ ನಗುವುದು ಸುಲಭ. ಆದರೆ ವಿಚಾರ ಮಾಡಿ ನೋಡಿದರೆ, ಮೊದಲ ದಿನ ೨೮,೦೦೦ ಕೇಳಿದ್ದೂ ಕೊನೆಯ ದಿನ ೭,೦೦೦ಕ್ಕೆ ಕೊಟ್ಟದ್ದೂ ಒಂದೇ ತಪ್ಪಿನ ಎರಡು ಮುಖಗಳು. ಎರಡೂ ಬೆಲೆಗಳಿಗೆ ಲೆಕ್ಕವಿರಲಿಲ್ಲ. ಮೊದಲನೆಯದು ಮಮತೆಯಿಂದ ಬಂದದ್ದು, ಎರಡನೆಯದು ಗಾಬರಿಯಿಂದ ಬಂದದ್ದು. ಊರು ಬಿಟ್ಟು ಬಂದು ದುಡಿಯುವ ನಮ್ಮಂಥವರಿಗೆ ವರ್ಗ, ಗುತ್ತಿಗೆಯ ಮುಗಿತಾಯ, ಊರಿನ ಕರೆ ಇವು ಯಾವಾಗ ಬಂದಾವೆಂದು ಹೇಳಲಾಗದು. ಆದುದರಿಂದ ಹಳೆಯ ಸೈಕಲ್ಲಿಗೆ, ಅದರಲ್ಲೂ ದೂರ ಪ್ರಯಾಣಕ್ಕಾಗಿ ಕೊಂಡ ಪ್ರವಾಸಿ ಸೈಕಲ್ಲಿಗೆ, ನ್ಯಾಯವಾದ ಬೆಲೆ ಕಟ್ಟುವುದು ಹೇಗೆಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ನೋಡೋಣ. ಎದುರಿಗಿರುವವನಿಗೆ ಲೆಕ್ಕ ತೋರಿಸಬಲ್ಲ ಬೆಲೆಯೇ ನ್ಯಾಯವಾದ ಬೆಲೆ ಎಂಬುದು ನಮ್ಮ ಅಭಿಪ್ರಾಯ.

೧. ಪ್ರವಾಸಿ ಸೈಕಲ್ಲೆಂದರೆ ಯಾವುದು?

ಮಾರುವವನಿಗೆ ತಾನು ಏನನ್ನು ಮಾರುತ್ತಿದ್ದೇನೆಂಬುದು ಮೊದಲು ತಿಳಿದಿರಬೇಕು. ಗೇರಿದ್ದ ಮಾತ್ರಕ್ಕೆ ಪ್ರವಾಸಿ ಸೈಕಲ್ಲಾಗದು. ಪ್ರವಾಸಿ ಸೈಕಲ್ಲು ಹೊರೆ ಹೊತ್ತು ದಿನವೆಲ್ಲ ಓಡಲು ಮಾಡಿದ್ದು. ಅದರ ಫ್ರೇಮು ಸಾಮಾನ್ಯವಾಗಿ ಉಕ್ಕಿನದು. ಎರಡು ಚಕ್ರಗಳ ನಡುವಿನ ಅಂತರ ಓಟದ ಸೈಕಲ್ಲಿಗಿಂತ ಹೆಚ್ಚು; ಇದರಿಂದ ಚೀಲ ಹೇರಿದಾಗಲೂ ಸೈಕಲ್ಲು ನೆಟ್ಟಗೆ ಸಾಗುತ್ತದೆ, ಪೆಡಲು ತುಳಿಯುವ ಹಿಮ್ಮಡಿ ಚೀಲಕ್ಕೆ ತಾಗುವುದಿಲ್ಲ. ಹಿಂದೆ ಮುಂದೆ ಕ್ಯಾರಿಯರ್ ಕೂಡಿಸಲು, ಮಡ್‌ಗಾರ್ಡ್ ಹಾಕಲು ಫ್ರೇಮಿನಲ್ಲಿಯೇ ತೂತುಗಳಿರುತ್ತವೆ. ಘಟ್ಟ ಹತ್ತಲು ಬಹು ಹಗುರವಾದ ಗೇರುಗಳಿರುತ್ತವೆ. ಚಕ್ರಕ್ಕೆ ೩೨ ಅಥವಾ ೩೬ ಕಡ್ಡಿಗಳಿರುವುದು ವಾಡಿಕೆ. ನಮ್ಮ ಹಿರಿಯರು ತುಳಿದ ಕಪ್ಪು ಸೈಕಲ್ಲಿನಲ್ಲಿ ಮುಂದೆ ೩೨, ಹಿಂದೆ ೪೦ ಕಡ್ಡಿಗಳಿರುತ್ತಿದ್ದುದಕ್ಕೂ ಕಾರಣ ಇದೇ: ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುತ್ತದೆ.

ಪುಣೆಯಿಂದ ಖಂಬಾಟಕಿ ಘಟ್ಟವನ್ನು ದಾಟಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿಗಳ ಮೇಲೆ ಬೆಳಗಾವಿಗೆ ಸೈಕಲ್ಲಿನಲ್ಲಿ ಹೋಗಿಬಂದವರು ನಮ್ಮ ಸದಸ್ಯರಲ್ಲಿಯೇ ಇದ್ದಾರೆ. ಅವರಿಗೆ ಈ ಗುಣಗಳ ಬೆಲೆ ಗೊತ್ತು. ಆದರೆ ಕೆಲಸಕ್ಕೆ ಹೋಗಿಬರಲಷ್ಟೇ ಸೈಕಲ್ಲು ಹುಡುಕುವವನಿಗೆ ಅವು ಬೇಕಿಲ್ಲ. ಆತ ಅವಕ್ಕೆ ಹಣ ಕೊಡುವುದೂ ಇಲ್ಲ. ಈ ಭೇದವನ್ನು ಮರೆಯಬಾರದು. ಮುಂದೆ ಗಿರಾಕಿಯನ್ನು ಹುಡುಕುವಾಗ ಇದು ಬೇಕಾಗುತ್ತದೆ.

೨. ಬೆಲೆಗಿಂತ ಮೊದಲು ಪರೀಕ್ಷೆ

ಬೆಲೆ ಯೋಚಿಸುವ ಮೊದಲು ಒಂದು ಕಾಗದ, ಒಂದು ಪೆನ್ಸಿಲು, ಒಂದು ಒದ್ದೆ ಅರಿವೆ, ಒಂದು ಉಕ್ಕಿನ ಅಳತೆಪಟ್ಟಿ ಇವನ್ನು ತೆಗೆದುಕೊಂಡು ಸೈಕಲ್ಲಿನ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಬೇಕು. ಕೊಳ್ಳುವವನು ನೋಡುವುದನ್ನೆಲ್ಲ ನಾವೇ ಮೊದಲು ನೋಡಿಬಿಡಬೇಕು.

ಫ್ರೇಮು: ಮೊದಲು ಚೆನ್ನಾಗಿ ಒರೆಸಿರಿ. ಕೊಳೆಯ ಕೆಳಗೆ ಬಿರುಕು ಕಾಣುವುದಿಲ್ಲ. ಹ್ಯಾಂಡಲ್ಲಿನ ಕೆಳಗೆ ಕೊಳವೆಗಳು ಕೂಡುವ ಸ್ಥಳ, ಪೆಡಲಿನ ಅಚ್ಚು ಹಾಯುವ ಬಿ.ಬಿ. ಗೂಡು, ಸೀಟಿನ ಕಂಬ ಇಳಿಯುವ ಬಾಯಿ, ಹಿಂದಿನ ಚಕ್ರದ ಅಚ್ಚು ಕೂಡುವ ಕವಲು, ಮುಂದಿನ ಫೋರ್ಕು ಇವಿಷ್ಟನ್ನು ಬೆಳಕಿನಲ್ಲಿ ಹಿಡಿದು ನೋಡಿರಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆಯಿದ್ದು, ಅದರ ಅಂಚಿನಲ್ಲಿ ತುಕ್ಕಿದ್ದರೆ ಅದು ಗೀರಲ್ಲ, ಬಿರುಕೆಂದೇ ಸಂಶಯಪಡಬೇಕು. ಉಕ್ಕಿನ ಬಿರುಕನ್ನು ಬಲ್ಲ ಬೆಸುಗೆಗಾರ ಸರಿಪಡಿಸಬಹುದು. ಅಲ್ಯುಮಿನಿಯಮ್ಮಿನದು ಹಾಗಲ್ಲ, ಬೆಸುಗೆಯ ಶಾಖಕ್ಕೆ ಅದರ ಬಲ ಕುಂದುತ್ತದೆ, ಮತ್ತೆ ಹದಗೊಳಿಸುವ ಏರ್ಪಾಡು ಬೀದಿಯ ಅಂಗಡಿಯಲ್ಲಿರುವುದಿಲ್ಲ. ಬಿರುಕು ಬಿಟ್ಟ ಅಲ್ಯುಮಿನಿಯಮ್ ಫ್ರೇಮನ್ನು ಸವಾರಿಗೆಂದು ಮಾರಲೇಬಾರದು. ಅದರ ಬಿಡಿಭಾಗಗಳನ್ನು ಮಾತ್ರ ಮಾರಬಹುದು.

ಸರಪಳಿ: ಸೈಕಲ್ಲಿನ ಸರಪಳಿಯಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಅಂಗುಲ. ಆದ್ದರಿಂದ ಹೊಸ ಸರಪಳಿಯಲ್ಲಿ ೨೪ ಕೊಂಡಿಗಳ ಉದ್ದ ೧೨ ಅಂಗುಲ. ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು, ೨೪ನೆಯ ಕೊಂಡಿಯ ಪಿನ್ನು ಎಲ್ಲಿ ಬಂದಿದೆಯೆಂದು ನೋಡಿರಿ. ಹನ್ನೆರಡಕ್ಕೆ ಸರಿಯಾಗಿದ್ದರೆ ಸರಪಳಿ ಚೆನ್ನಾಗಿದೆ. ಒಂದು ವೀಸ, ಎಂದರೆ ಅಂಗುಲದ ಹದಿನಾರರಲ್ಲೊಂದು ಪಾಲು ಮುಂದೆ ಸರಿದಿದ್ದರೆ ಸರಪಳಿ ಬದಲಿಸುವ ಕಾಲ ಬಂದಿದೆ. ಎರಡು ವೀಸ ಸರಿದಿದ್ದರೆ ಅದು ಹಿಂದಿನ ಗೇರ್ ಹಲ್ಲುಚಕ್ರಗಳನ್ನೂ ತಿಂದಿರುತ್ತದೆ. ಬರಿಯ ಸರಪಳಿ ಬದಲಿಸಿದರೆ ಹೊಸದು ಹಳೆಯ ಹಲ್ಲುಗಳ ಮೇಲೆ ಜಾರುತ್ತದೆ. ಈ ಒಂದು ವೀಸದ ಅಂತರದಲ್ಲಿ ಬೆಲೆಯ ಸಾವಿರಾರು ರೂಪಾಯಿ ಅಡಗಿದೆ.

ಚಕ್ರಗಳು: ಸೈಕಲ್ಲನ್ನು ಎತ್ತಿ ಚಕ್ರ ತಿರುಗಿಸಿ, ಬ್ರೇಕ್ ರಬ್ಬರಿನ ಹತ್ತಿರ ರಿಮ್ಮು ಅತ್ತಿತ್ತ ಹೊಯ್ದಾಡುತ್ತದೆಯೇ ನೋಡಿರಿ. ಸ್ವಲ್ಪ ಬೆಂಡಿದ್ದರೆ ಅಂಗಡಿಯವನು ಕಡ್ಡಿ ಬಿಗಿದು ತೆಗೆಯುತ್ತಾನೆ. ರಬ್ಬರು ಉಜ್ಜುವ ರಿಮ್ಮಿನ ಪಕ್ಕವನ್ನು ಬೆರಳಿನಿಂದ ಸವರಿರಿ. ಅದು ಒಳಕ್ಕೆ ತಗ್ಗಾಗಿದ್ದರೆ, ಅಥವಾ ಸವಕಳಿ ತೋರಿಸಲೆಂದು ಇರುವ ಸಣ್ಣ ಗೆರೆ ಅಳಿಸಿಹೋಗಿದ್ದರೆ ರಿಮ್ಮಿನ ಆಯುಸ್ಸು ಮುಗಿಯಿತು. ಹಿಂದಿನ ಚಕ್ರದ ಕಡ್ಡಿಗಳು ಈಗಾಗಲೇ ಮುರಿದು ಬದಲಾಗಿದ್ದರೆ ಎಷ್ಟೆಂಬುದನ್ನು ಬರೆದುಕೊಳ್ಳಿರಿ.

ಅಳತೆ: ಟೈರಿನ ಪಕ್ಕದಲ್ಲಿ ೩೭-೬೨೨ ಎಂಬಂತೆ ಅಚ್ಚಾಗಿರುವ ಸಂಖ್ಯೆಯಲ್ಲಿ ಮೊದಲಿನದು ಟೈರಿನ ಅಗಲ, ಎರಡನೆಯದು ಅದು ಕೂಡುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಇದು ಚಕ್ರದ ಅಳತೆ. ಇದನ್ನೇ ಸೈಕಲ್ಲಿನ ಅಳತೆಯೆಂದು ಹೇಳಿ ಹಲವರು ಮೋಸಹೋಗುತ್ತಾರೆ. ಫ್ರೇಮಿನ ಅಳತೆ ಬೇರೆ, ಬಿ.ಬಿ. ಗೂಡಿನಿಂದ ಸೀಟಿನ ಕೆಳಗಿನ ಕೊಳವೆಯ ತುದಿಯವರೆಗೆ ಅಳೆದದ್ದು ಅದು. ಐದೂಕಾಲು ಅಡಿಯ ಮನುಷ್ಯನಿಗೆ ಆರಡಿಯವನ ಸೈಕಲ್ಲು ಎಷ್ಟು ಅಗ್ಗವಾದರೂ ಉಪಯೋಗವಿಲ್ಲ. ಮೇಲಿನ ಕೊಳವೆಯನ್ನು ಕಾಲುಗಳ ನಡುವೆ ಇಟ್ಟು ನಿಂತಾಗ ಎರಡು ಬೆರಳಿನಷ್ಟಾದರೂ ಬಿಡುವಿರಬೇಕು. ಅಳತೆಯನ್ನು ಮೊದಲೇ ತಿಳಿಸಿದರೆ ಹತ್ತು ಜನ ವ್ಯರ್ಥವಾಗಿ ಬಂದುಹೋಗುವುದು ತಪ್ಪುತ್ತದೆ.

ನಂಬರು: ಸಾಮಾನ್ಯವಾಗಿ ಬಿ.ಬಿ. ಗೂಡಿನ ತಳದಲ್ಲಿ ಫ್ರೇಮಿನ ನಂಬರನ್ನು ಕೊರೆದಿರುತ್ತಾರೆ. ಅದನ್ನು ಬರೆದುಕೊಳ್ಳಿರಿ. ಹಿಂದೆ ಹಲವು ಊರುಗಳಲ್ಲಿ ಸೈಕಲ್ಲಿಗೆ ಕರ ಕೊಟ್ಟು ಪುರಸಭೆಯ ಬಿಲ್ಲೆ ಕಟ್ಟಿಸಿಕೊಳ್ಳಬೇಕಾಗಿತ್ತು. ಆ ಬಿಲ್ಲೆಯ ಪದ್ಧತಿ ಹೋದ ಮೇಲೆ ಸೈಕಲ್ಲಿನ ಗುರುತಿಗೆ ಉಳಿದಿರುವುದು ಈ ನಂಬರು ಮತ್ತು ಕೊಂಡಾಗಿನ ಬಿಲ್ಲು, ಇವೆರಡೇ.

೩. ಬೆಲೆಯ ಲೆಕ್ಕ

ಮೊದಲು ಹೇಳಿದ ಸದಸ್ಯರ ಸೈಕಲ್ಲನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಅವರು ಅದನ್ನು ನಾಲ್ಕು ವರ್ಷದ ಹಿಂದೆ ೩೪,೦೦೦ಕ್ಕೆ ಕೊಂಡಿದ್ದರು. ಕ್ಯಾರಿಯರು, ಮಡ್‌ಗಾರ್ಡುಗಳಿಗೆ ಮತ್ತೆ ೫,೦೦೦ ಹಾಕಿದ್ದರು. ಒಟ್ಟು ೩೯,೦೦೦. ‘೧೧,೦೦೦ ಬಿಟ್ಟುಕೊಟ್ಟಿದ್ದೇನೆ, ಇನ್ನೇನು ಬೇಕು?’ ಎಂಬುದು ಅವರ ವಾದ. ಆದರೆ ಕೊಳ್ಳುವವನಿಗೆ ನಾವು ಕೊಟ್ಟ ಬೆಲೆಯೊಡನೆ ಸಂಬಂಧವಿಲ್ಲ. ‘ಇಂದು ಇಂಥದೇ ಹೊಸದು ಎಷ್ಟಕ್ಕೆ ಸಿಗುತ್ತದೆ?’ ಎಂಬುದೊಂದೇ ಆತನ ಪ್ರಶ್ನೆ.

ಹೊಸದರ ಬೆಲೆ ಏರುವುದೂ ಉಂಟು, ಇಳಿಯುವುದೂ ಉಂಟು. ಒಂದು ಉದಾಹರಣೆ: ೨೦೨೫ರ ಸೆಪ್ಟೆಂಬರ್ ೨೨ರಿಂದ ಸೈಕಲ್ಲುಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ ೧೨ರಿಂದ ೫ಕ್ಕೆ ಇಳಿಯಿತು. ತೆರಿಗೆಯ ಹೊರತು ೩೦,೦೦೦ ರೂಪಾಯಿಯ ಸೈಕಲ್ಲಿಗೆ ಅದಕ್ಕೆ ಮೊದಲು ೩೩,೬೦೦ ಬೀಳುತ್ತಿದ್ದರೆ, ಆಮೇಲೆ ೩೧,೫೦೦ ಬಿತ್ತು. ಹೊಸದರಲ್ಲಿ ೨,೧೦೦ ಇಳಿದಾಗ ಹಳೆಯದರ ಬೆಲೆಯೂ ಅದರ ಹಿಂದೆಯೇ ಇಳಿಯಬೇಕು. ಹಳೆಯ ಬಿಲ್ಲನ್ನು ಹಿಡಿದು ಕೂತವನಿಗೆ ಇದು ತಿಳಿಯುವುದೇ ಇಲ್ಲ.

ಆದ್ದರಿಂದ ಮೊದಲ ಹೆಜ್ಜೆ, ಇಂದು ಅದೇ ಸೈಕಲ್ಲು, ಅದಿಲ್ಲದಿದ್ದರೆ ಅದಕ್ಕೆ ಸಮನಾದದ್ದು ಎಷ್ಟೆಂದು ಅಂಗಡಿಯಲ್ಲಿ ಕೇಳುವುದು. ಅದು ೩೬,೦೦೦ ಎಂದು ಹಿಡಿಯೋಣ.

ಎರಡನೆಯ ಹೆಜ್ಜೆ, ಪ್ರಾಯದ ಕಡಿತ. ಹಳೆಯದನ್ನು ಕೊಳ್ಳುವವನು ಅಂಗಡಿಯ ಜವಾಬ್ದಾರಿ, ಆರಿಸಿಕೊಳ್ಳುವ ಸೌಕರ್ಯ ಎರಡನ್ನೂ ಬಿಟ್ಟುಕೊಡುತ್ತಾನೆ. ಚೆನ್ನಾಗಿ ನೋಡಿಕೊಂಡ ಮೂರರಿಂದ ಐದು ವರ್ಷದ ಸೈಕಲ್ಲಿಗೆ ಹೊಸದರ ಅರ್ಧದಿಂದ ಎಣಿಸತೊಡಗುವುದು ನಮ್ಮ ಪದ್ಧತಿ. ಇದು ಶಾಸನವಲ್ಲ, ಅಂದಾಜಿನ ಒಂದು ದಾರಿ. ಇಲ್ಲಿ ಅದು ೧೮,೦೦೦.

ಮೂರನೆಯ ಹೆಜ್ಜೆ, ಪೇಟೆಯ ತಾಳೆ. ಇಂಥ ಸೈಕಲ್ಲುಗಳಿಗೆ ಇತರರು ಎಷ್ಟು ಕೇಳುತ್ತಿದ್ದಾರೆಂಬುದನ್ನು ಮೊಬೈಲಿನ ಮಾರಾಟದ ಜಾಹೀರಾತುಗಳಲ್ಲಿ ಐದಾರು ಕಡೆ ನೋಡಿರಿ. ಒಂದು ಎಚ್ಚರಿಕೆ: ಅಲ್ಲಿ ಕಾಣುವುದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಎರಡು ತಿಂಗಳಿಂದ ಅಲ್ಲಿಯೇ ನಿಂತಿರುವ ಜಾಹೀರಾತಿನ ಬೆಲೆ ಹೆಚ್ಚೆಂದೇ ಅರ್ಥ. ಬೇಗ ಕಾಣೆಯಾದದ್ದರ ಬೆಲೆಗೆ ಹೆಚ್ಚು ತೂಕ ಕೊಡಿರಿ. ನಮ್ಮ ಅರ್ಧದ ಅಂದಾಜು ಇದಕ್ಕೆ ತಾಳೆಯಾಗದಿದ್ದರೆ ಅಂದಾಜನ್ನೇ ತಿದ್ದಬೇಕು.

ನಾಲ್ಕನೆಯ ಹೆಜ್ಜೆ, ರಿಪೇರಿಯ ಕಡಿತ. ಆ ಸೈಕಲ್ಲಿನ ಸರಪಳಿ ಎರಡು ವೀಸ ಸರಿದಿತ್ತು. ಸರಪಳಿಗೆ ೯೦೦, ಹಿಂದಿನ ಹಲ್ಲುಚಕ್ರಗಳಿಗೆ ೧,೭೦೦, ಬ್ರೇಕ್ ರಬ್ಬರಿಗೆ ೪೦೦, ಕೂಲಿ ೫೦೦ ಎಂದು ಹಿಡಿದರೆ ೩,೫೦೦ ಆಯಿತು. ೧೮,೦೦೦ದಲ್ಲಿ ಅದನ್ನು ಕಳೆದರೆ ೧೪,೫೦೦.

ಐದನೆಯ ಹೆಜ್ಜೆ, ಮೇಲುಸಾಮಾನು. ಕ್ಯಾರಿಯರು, ಮಡ್‌ಗಾರ್ಡು, ದೀಪ, ಚೀಲ ಇವಕ್ಕೆ ನಾವು ಹಾಕಿದ ಹಣ ಮರಳಿ ಬರುವುದಿಲ್ಲ. ೫,೦೦೦ದ ಸಾಮಾನಿಗೆ ೧,೫೦೦ ಸಿಕ್ಕರೆ ಅದೇ ಹೆಚ್ಚು. ಆಗ ಮೊತ್ತ ೧೬,೦೦೦. ಬೆಲೆಯುಳ್ಳ ಸಾಮಾನಿದ್ದರೆ ಅದನ್ನು ಬಿಡಿಸಿ ಬೇರೆಯಾಗಿ ಮಾರುವುದೇ ಲೇಸು. ಉದಾಹರಣೆಗೆ ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ತೊಗಲಿನ ಸೀಟು. ೧೮೬೬ರಲ್ಲಿ ಆರಂಭವಾದ ಆ ಕಂಪನಿಯ ಸೀಟನ್ನು ಬಲ್ಲವರು ಅದಕ್ಕಾಗಿಯೇ ಹುಡುಕಿಕೊಂಡು ಬರುತ್ತಾರೆ. ಬಲ್ಲದವನಿಗೆ ಅದು ಬರಿಯ ಗಟ್ಟಿ ಸೀಟು.

ಈ ಲೆಕ್ಕದಿಂದ ಮೂರು ಸಂಖ್ಯೆಗಳನ್ನು ಬರೆದಿಡಬೇಕು. ಕೇಳುವ ಬೆಲೆ ೧೭,೫೦೦. ನ್ಯಾಯವೆಂದು ಕಂಡ ಬೆಲೆ ೧೬,೦೦೦. ಇದಕ್ಕಿಂತ ಕೆಳಗೆ ಇಳಿಯಲಾರೆವೆಂಬ ಬೆಲೆ ೧೪,೫೦೦. ಗಿರಾಕಿ ಬಾಗಿಲಿಗೆ ಬರುವ ಮೊದಲೇ ಇವನ್ನು ಬರೆದಿಟ್ಟುಕೊಳ್ಳಬೇಕು. ನಮ್ಮ ಸದಸ್ಯರಿಗೆ ಸಿಕ್ಕದ್ದು ೭,೦೦೦. ಕಳೆದುಕೊಂಡದ್ದು ೯,೦೦೦. ಹೈದರಾಬಾದಿನಲ್ಲಿ ಹೊಸದಾಗಿ ಹಿಡಿದ ಕೋಣೆಯ ಮುಂಗಡಕ್ಕೆ ಅದು ಒದಗುತ್ತಿತ್ತು; ಅದರ ಬದಲು ಅವರು ಕೈಗಡ ಮಾಡಬೇಕಾಯಿತು.

ಬಿಡಿಭಾಗಗಳ ವಿಷಯವಾಗಿ ಇನ್ನೊಂದು ಮಾತು. ಅಟ್ಲಾಸ್ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ ೨೦೨೦ರ ಜೂನ್ ೩ರಂದು ಕೆಲಸ ನಿಲ್ಲಿಸಿತು. ಅಂದು ವಿಶ್ವ ಸೈಕಲ್ ದಿನವೇ ಆಗಿತ್ತು. ಆದರೂ ಹಳೆಯ ಕಪ್ಪು ಅಟ್ಲಾಸ್ ಸೈಕಲ್ಲಿಗೆ ಅದರಿಂದ ಕುತ್ತು ಬರಲಿಲ್ಲ. ಅದರ ಟೈರು, ಕಡ್ಡಿ, ಅಚ್ಚುಗಳು ಯಾವ ಸಂತೆಯ ಅಂಗಡಿಯಲ್ಲೂ ಸಿಗುವಂಥವು. ಗೇರಿನ ಪ್ರವಾಸಿ ಸೈಕಲ್ಲು ಹಾಗಲ್ಲ. ಅದರ ಭಾಗಗಳು ಇನ್ನೂ ಸಿಗುತ್ತವೆಯೇ ಎಂದು ವಿಚಾರಿಸಿಯೇ ಬೆಲೆ ನಿರ್ಧರಿಸಬೇಕು.

೪. ಖರ್ಚು ಮಾಡಿ ಮಾರಬೇಕೇ?

ಸಣ್ಣ ಖರ್ಚನ್ನು ಮಾಡಬೇಕು, ದೊಡ್ಡದನ್ನು ಮಾಡಬಾರದು. ತೊಳೆದು ಒರೆಸುವುದು, ಎಣ್ಣೆ ಹಾಕುವುದು, ಗಾಳಿ ತುಂಬುವುದು, ಸಡಿಲಾದ ಸ್ಕ್ರೂ ಬಿಗಿಯುವುದು, ಬ್ರೇಕಿನ ತಂತಿ ಎಳೆದು ಕಟ್ಟುವುದು ಇವಕ್ಕೆ ತಗಲುವುದು ಅಲ್ಪ. ಕಿರಿಕಿರಿ ಸದ್ದಿಗೆ ಗಿರಾಕಿ ಮನಸ್ಸಿನಲ್ಲಿ ಕಳೆಯುವ ಹಣ, ಆ ಸದ್ದನ್ನು ನಿಲ್ಲಿಸಲು ಬೇಕಾದ ಹಣಕ್ಕಿಂತ ಯಾವಾಗಲೂ ಹೆಚ್ಚು. ಸರಪಳಿಯೊಂದೇ ಸವೆದಿದ್ದರೆ ಹೊಸದನ್ನು ಹಾಕಿಸಿಯೇ ಮಾರುವುದು ಲಾಭ.

ಹೊಸ ಟೈರುಗಳು, ಪೂರಾ ಓವರ್‌ಹಾಲಿಂಗು, ಹೊಸ ಬಣ್ಣ ಇವುಗಳ ಹಣ ಮಾತ್ರ ಮರಳಿ ಬರುವುದಿಲ್ಲ. ಬಣ್ಣವನ್ನಂತೂ ಹೊಡೆಸಲೇಬಾರದು. ಹಳೆಯ ಸೈಕಲ್ಲಿನ ಮೇಲೆ ಹೊಸ ಬಣ್ಣ ಕಂಡ ಜಾಣ ಗಿರಾಕಿ, ಅದರ ಕೆಳಗೇನಿದೆ ಎಂದೇ ಮೊದಲು ಕೇಳುತ್ತಾನೆ. ಹಾಗೆ ಕೇಳುವುದು ಸರಿಯೇ ಎಂಬುದು ಮುಂದಿನ ಮಾತಿನಿಂದ ತಿಳಿದೀತು.

೫. ಮರೆಸಬಾರದ ದೋಷ

ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಕಾರ್ಮಿಕ ಬಂಧುಗಳು ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಿಂದ ಹಳೆಯ ಸೈಕಲ್ಲನ್ನು ಕೊಂಡರು. ಥಳಥಳಿಸುವ ಬಣ್ಣ, ಬೆಲೆಯೂ ಕಡಿಮೆ. ಎರಡು ತಿಂಗಳಾದ ಮೇಲೆ ಕಾತ್ರಜ ಘಟ್ಟ ಇಳಿಯುವಾಗ ಮುಂದಿನ ಫೋರ್ಕು ಮುರಿಯಿತು. ಹಳೆಯ ಬಿರುಕಿನ ಮೇಲೆ ಬಣ್ಣ ಬಳಿದಿದ್ದರೆಂಬುದು ಮುರಿದ ಬಾಯಿಯ ತುಕ್ಕಿನಿಂದ ಗೊತ್ತಾಯಿತು. ಕೊರಳೆಲುಬು ಮುರಿದು ಅವರು ಎರಡು ತಿಂಗಳು ಕೆಲಸಕ್ಕೆ ಹೋಗಲಿಲ್ಲ. ದಿನಗೂಲಿಯ ಮನೆಯಲ್ಲಿ ಎರಡು ತಿಂಗಳೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ? ದೋಷವನ್ನು ಬಲ್ಲವನು ಅದನ್ನು ಬೇಕೆಂದೇ ಮರೆಮಾಚಿದರೆ, ೧೮೭೨ರ ಭಾರತೀಯ ಕರಾರು ಕಾಯಿದೆಯ ೧೭ನೆಯ ಕಲಮಿನ ಪ್ರಕಾರ ಅದು ವಂಚನೆ. ಬರಿದೆ ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಾಗದು. ಬಿರುಕಿನ ಮೇಲೆ ಬಣ್ಣ ಬಳಿಯುವುದು, ಚೀಟಿ ಅಂಟಿಸುವುದು ವಂಚನೆಯಾಗುತ್ತದೆ. ಆದರೆ ಸೈಕಲ್ಲಿನ ಮಟ್ಟಿಗೆ ಕಾನೂನು ಬಿಟ್ಟಲ್ಲಿಗೆ ನಿಲ್ಲುವುದು ನಮಗೆ ಸರಿಕಾಣದು. ಸೀಟಿನ ಹರುಕನ್ನು ಗಿರಾಕಿ ತಾನೇ ನೋಡಿಕೊಳ್ಳಲಿ. ಫ್ರೇಮು, ಫೋರ್ಕು, ಬ್ರೇಕು, ರಿಮ್ಮು ಈ ನಾಲ್ಕರಲ್ಲಿ ದೋಷವಿದ್ದರೆ ಆತ ಕೇಳದಿದ್ದರೂ ನಾವೇ ಹೇಳಬೇಕು. ಇವುಗಳ ಮೇಲೆ ಒಬ್ಬನ ಜೀವ ಕುಳಿತಿರುತ್ತದೆ.

ಇದನ್ನು ಉಪದೇಶಕ್ಕಾಗಿ ಬರೆಯುತ್ತಿಲ್ಲ. ನಾವೂ ಒಮ್ಮೆ ಈ ಇಕ್ಕಟ್ಟಿನಲ್ಲಿ ಸಿಕ್ಕಿದ್ದೆವು. ಬೆಳಗಾವಿಗೆ ಹೊರೆ ಹೇರಿಕೊಂಡು ಹೋಗಿಬಂದ ನಮ್ಮ ಉಕ್ಕಿನ ಸೈಕಲ್ಲನ್ನು ಮಾರಲೆಂದು ಒರೆಸುತ್ತಿದ್ದಾಗ, ಹಿಂದಿನ ಕವಲಿನಲ್ಲಿ ಕ್ಯಾರಿಯರ್ ಕೂಡುವ ತೂತಿನ ಬಳಿ ಒಂದು ಗೆರೆ ಕಂಡಿತು. ಒಂದು ಚಿತ್ರದ ಚೀಟಿ ಅಂಟಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಚೀಟಿ ಅರ್ಧ ದಿನ ನಮ್ಮ ಮೇಜಿನ ಮೇಲೆಯೇ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ಕೊನೆಗೆ ಬೆಸುಗೆ ಹಾಕಿಸಿ, ಬೆಸುಗೆಗೆ ಬಣ್ಣ ಬಳಿಯದೆ ಹಾಗೆಯೇ ಬಿಟ್ಟು, ಬಂದವರಿಗೆ ಬೆರಳಿಟ್ಟು ತೋರಿಸಿದೆವು. ಕೊಂಡವರು ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ವಿಜಯಪುರದ ಕಡೆಯ ತರುಣರು. ಅವರು ೨,೦೦೦ ಕಡಿಮೆ ಮಾಡಿಸಿಕೊಂಡು ಒಯ್ದರು. ಇಂದಿಗೂ ರವಿವಾರ ಅದೇ ಸೈಕಲ್ಲಿನ ಮೇಲೆ ವಾಚನಾಲಯಕ್ಕೆ ಬರುತ್ತಾರೆ. ಬಾಗಿಲಲ್ಲಿ ಆ ಸೈಕಲ್ಲು ಕಂಡಾಗ ನಾವು ಮುಖ ತಿರುಗಿಸಬೇಕಾದ ಪ್ರಸಂಗವಿಲ್ಲ. ಆ ೨,೦೦೦ ಅದಕ್ಕೇ ಸಂದಿತೆಂದು ತಿಳಿದಿದ್ದೇವೆ.

೬. ಎಲ್ಲಿ, ಯಾರಿಗೆ, ಯಾವಾಗ?

ಜೂನಾ ಬಾಜಾರಿನಲ್ಲಿ ರವಿವಾರ, ಬುಧವಾರ ಹಳೆಯ ಸಾಮಾನು ಮಾರುವವರಿಗೆ ಕೊಡಬಹುದು. ಅಲ್ಲಿ ಕಬ್ಬಿಣದ ಬೆಲೆ ಸಿಕ್ಕೀತು, ಪ್ರವಾಸಿ ಸೈಕಲ್ಲಿನ ಬೆಲೆ ಸಿಗದು. ಅಂಗಡಿಗೆ ಕೊಟ್ಟರೆ ಹಣ ಅಂದೇ ಕೈಸೇರುತ್ತದೆ. ಆದರೆ ಅಂಗಡಿಯವನು ತನ್ನ ರಿಪೇರಿ, ಬಾಡಿಗೆ, ಲಾಭ ಮೂರನ್ನೂ ಅದರಲ್ಲಿಯೇ ತೆಗೆಯಬೇಕು. ಅದು ಆತನ ಕಸಬು, ಅನ್ಯಾಯವೆನ್ನಲಾಗದು.

ಒಳ್ಳೆಯ ಬೆಲೆ ಕೊಡುವವನು ಈ ಸೈಕಲ್ಲನ್ನು ಇದರ ಕೆಲಸಕ್ಕೇ ಬಳಸುವವನು. ಗೊತ್ತುಪಡಿಸಿದ ಅವಧಿಯಲ್ಲಿ ೨೦೦, ೩೦೦, ೪೦೦, ೬೦೦ ಕಿಲೋಮೀಟರು ಸವಾರಿ ಮುಗಿಸುವ ದೂರ ಸವಾರರ ಕೂಟಗಳು ಈಗ ದೊಡ್ಡ ಊರುಗಳಲ್ಲೆಲ್ಲ ಇವೆ. ೨೦೦ ಕಿಲೋಮೀಟರಿಗೆ ಅವರಲ್ಲಿ ಹದಿಮೂರೂವರೆ ಗಂಟೆಯ ಗಡುವು. ಅಂಥವರಿಗೆ ಸುದ್ದಿ ಮುಟ್ಟಿಸಿರಿ. ಮಳೆ ನಿಂತು ಪ್ರವಾಸ ಆರಂಭವಾಗುವ ಅಕ್ಟೋಬರಿನ ಹೊತ್ತಿಗೆ ಮಾರಿದರೆ, ಜೂನಿನಲ್ಲಿ ಮಾರುವುದಕ್ಕಿಂತ ಗಿರಾಕಿಗಳು ಹೆಚ್ಚು.

ನಮ್ಮ ಸೂಚನಾಫಲಕವೂ ಇದೆ. ಅದರಲ್ಲಿ ಹಾಕುವ ಚೀಟಿ ಈ ರೀತಿ ಇರಲಿ:

‘ಪ್ರವಾಸಿ ಸೈಕಲ್ ಮಾರುವುದಿದೆ. ಉಕ್ಕಿನ ಫ್ರೇಮು, ಅಳತೆ ೫೪ ಸೆಂ.ಮೀ. (ಸುಮಾರು ಐದೂವರೆ ಅಡಿಯವರಿಗೆ). ಟೈರು ೩೭-೬೨೨. ನಾಲ್ಕು ವರ್ಷದ್ದು, ಬಿಲ್ಲು ಇದೆ. ಹಿಂದೆ ಮುಂದೆ ಕ್ಯಾರಿಯರ್, ಮಡ್‌ಗಾರ್ಡ್ ಸಹಿತ. ಸರಪಳಿ, ಹಿಂದಿನ ಹಲ್ಲುಚಕ್ರ, ಬ್ರೇಕ್ ರಬ್ಬರು ಬದಲಿಸಬೇಕು. ಆ ಖರ್ಚು ಬೆಲೆಯಲ್ಲಿ ಕಳೆದಿದೆ. ಬೆಲೆ ೧೭,೫೦೦ ರೂ. ರವಿವಾರ ಬೆಳಿಗ್ಗೆ ವಾಚನಾಲಯದ ಮುಂದೆ ನೋಡಬಹುದು.’

ದೋಷವನ್ನು ಚೀಟಿಯಲ್ಲಿಯೇ ಬರೆದರೆ ಗಿರಾಕಿ ಓಡಿಹೋದಾನೆಂಬ ಭಯ ಬೇಡ. ಒಂದು ದೋಷವನ್ನು ತಾನಾಗಿ ಹೇಳಿದವನ ಉಳಿದ ಮಾತನ್ನೂ ಜನ ನಂಬುತ್ತಾರೆ.

ಊರಿಗೆ ಮರಳುವವರು ಇನ್ನೊಂದನ್ನು ಯೋಚಿಸಬೇಕು: ಮಾರಲೇಬೇಕೇ? ರೈಲ್ವೆಯ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ಲನ್ನು ಬುಕ್ ಮಾಡಿ ಒಯ್ಯಬಹುದು. ಆ ಖರ್ಚನ್ನು ಕೇಳಿ ತಿಳಿದು, ಸಿಗುವ ಬೆಲೆಯೊಡನೆ ತೂಗಿ ನೋಡಿರಿ.

೭. ಚೌಕಾಸಿ

ನಮ್ಮ ಜನ ಸೈಕಲ್ಲನ್ನು ನೋಡುವ ಮೊದಲೇ ‘ಕಡೀ ಮಾತ ಹೇಳಿಬಿಡ್ರಿ ಕಾಕಾ, ಎಷ್ಟಕ್ಕ ಕೊಡ್ತೀರಿ?’ ಎನ್ನುತ್ತಾರೆ. ಅದಕ್ಕೆ ಸಿಟ್ಟಾಗಬಾರದು. ‘ಮೊದಲ ಗಾಡಿ ನೋಡ್ರಿ, ಹೊಡದು ನೋಡ್ರಿ, ಆಮ್ಯಾಲ ರೊಕ್ಕದ ಮಾತು’ ಎಂದರೆ ಸಾಕು. ನೋಡದವನೊಡನೆ ಬೆಲೆ ಇಳಿಸಿದರೆ, ನೋಡಿದ ಮೇಲೆ ಆತ ಇನ್ನೊಮ್ಮೆ ಇಳಿಸುತ್ತಾನೆ.

ಕಾರಣವಿಲ್ಲದೆ ಒಂದು ರೂಪಾಯಿಯನ್ನೂ ಇಳಿಸಬಾರದು. ಕಾರಣ ತೋರಿಸಿದರೆ ಹಟ ಹಿಡಿಯಬಾರದು. ‘ಹಿಂದಿನ ಟೈರು ಸವೆದಿದೆ’ ಎಂದರೆ ಹೌದೋ ಅಲ್ಲವೋ ನೋಡಿ, ಹೌದಾದರೆ ಅದರ ಪಾಲು ಬಿಡಿರಿ. ‘ನನ್ನ ಹತ್ತಿರ ಹತ್ತೇ ಸಾವಿರವಿದೆ’ ಎಂಬುದು ಕಷ್ಟವಿರಬಹುದು, ಆದರೆ ಸೈಕಲ್ಲಿನ ದೋಷವಲ್ಲ. ಸಹಾಯ ಮಾಡುವುದಿದ್ದರೆ ಸಹಾಯವೆಂದೇ ತಿಳಿದು ಮಾಡಿರಿ. ಹಾಗೆಯೇ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತನ್ನೂ ನೆನಪಿನಲ್ಲಿಡಬೇಕು. ಆ ಸೈಕಲ್ಲಿನ ಮೇಲೆ ನಾವು ಕಂಡ ಊರುಗಳು ನಮ್ಮವು. ಅವುಗಳ ಬೆಲೆಯನ್ನು ಗಿರಾಕಿಯಿಂದ ಕೇಳಲಾಗದು.

೮. ಹಣ ಮತ್ತು ರಸೀದಿ

ಹಣ ಪಡೆಯುವಲ್ಲಿ ಎರಡು ಎಚ್ಚರಿಕೆಗಳು. ಮೊಬೈಲಿನಿಂದ ಹಣ ಪಡೆಯಲು ನಾವು ಯಾವ ಗುಪ್ತ ಸಂಖ್ಯೆಯನ್ನೂ ಒತ್ತಬೇಕಾಗಿಲ್ಲ, ಎದುರಿನವನು ಕಳಿಸಿದ ಚೌಕುಳಿ ಚಿತ್ರಕ್ಕೆ ಮೊಬೈಲ್ ಹಿಡಿಯಬೇಕಾಗಿಯೂ ಇಲ್ಲ. ಅವೆರಡೂ ಹಣ ಕೊಡುವ ಕ್ರಮಗಳು. ‘ನಾನು ಸೈನ್ಯದಲ್ಲಿದ್ದೇನೆ, ಬರಲಾಗದು, ಇದನ್ನು ಸ್ಕ್ಯಾನ್ ಮಾಡಿ, ಹಣ ಬರುತ್ತದೆ’ ಎಂದು ಸೈಕಲ್ಲನ್ನು ನೋಡದೆಯೇ ಕೊಳ್ಳಲು ಆತುರಪಡುವವನು ಕಳ್ಳನೆಂದೇ ತಿಳಿಯಿರಿ. ಮೋಸಹೋದರೆ ತಡಮಾಡದೆ ೧೯೩೦ ಸಂಖ್ಯೆಗೆ ಫೋನು ಮಾಡಬೇಕು.

ಎರಡನೆಯದು ಉದ್ದರಿ. ‘ಅರ್ಧ ಈಗ, ಅರ್ಧ ಪಗಾರ ಆದ ಮೇಲೆ’ ಎಂಬ ಮಾತು ನಮ್ಮವರಲ್ಲಿ ಸಾಮಾನ್ಯ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಕೊಡಲೇಬೇಕಾದರೆ ಬಾಕಿ ಎಷ್ಟು, ಯಾವ ತಾರೀಖಿಗೆ ಎಂದು ಬರೆದು ಸಹಿ ಪಡೆಯಿರಿ. ಬರೆದಿಟ್ಟ ಬಾಕಿಯಿಂದ ಸ್ನೇಹ ಕೆಡುವುದು ಕಡಿಮೆ.

ಸವಾರಿ ಮಾಡಿ ನೋಡುತ್ತೇನೆಂದವರಿಂದ ಗುರುತಿನ ಚೀಟಿಯನ್ನೋ ಅವರ ಸ್ವಂತ ಗಾಡಿಯ ಕೀಲಿಯನ್ನೋ ಪಡೆದು ಇಟ್ಟುಕೊಂಡರೆ ಅವಮಾನವೇನೂ ಅಲ್ಲ.

ಕೊನೆಗೆ ರಸೀದಿ. ಎರಡು ಪ್ರತಿ ಬರೆಯಬೇಕು. ತಾರೀಖು, ಇಬ್ಬರ ಹೆಸರು ವಿಳಾಸ, ಸೈಕಲ್ಲಿನ ಹೆಸರು ಬಣ್ಣ, ಫ್ರೇಮಿನ ನಂಬರು, ಹಣ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ, ತಿಳಿಸಿದ ದೋಷಗಳು, ‘ಇದ್ದ ಸ್ಥಿತಿಯಲ್ಲಿ ನೋಡಿ ಒಪ್ಪಿ ಕೊಂಡಿದ್ದೇನೆ’ ಎಂಬ ಮಾತು, ಇಬ್ಬರ ಸಹಿ. ೫,೦೦೦ ರೂಪಾಯಿ ಮೀರಿದ ಹಣದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಿ ಅದರ ಮೇಲೆ ಸಹಿ ಹಾಕಬೇಕು. ಹಳೆಯ ಬಿಲ್ಲನ್ನು ಕೊಂಡವರಿಗೆ ಕೊಟ್ಟು, ಅದರ ಛಾಯಾಪ್ರತಿಯನ್ನು ನಾವಿಟ್ಟುಕೊಳ್ಳಬೇಕು.

ಈ ಕಾಗದ ಇಬ್ಬರಿಗೂ ರಕ್ಷೆ. ೧೯೩೦ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಒಡೆಯನಲ್ಲದವನು ಮಾರಿದರೆ ಸಾಮಾನ್ಯವಾಗಿ ಕೊಂಡವನೂ ಒಡೆಯನಾಗುವುದಿಲ್ಲ. ಕದ್ದ ಮಾಲೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ೩೧೭ನೆಯ ಕಲಮಿನಂತೆ 2024ರ ಜುಲೈ ೧ರಿಂದ ಶಿಕ್ಷಾರ್ಹ. ಅದಕ್ಕೆ ಮೊದಲು ಹಳೆಯ ದಂಡ ಸಂಹಿತೆಯಲ್ಲಿಯೂ ಅಪರಾಧವೇ ಆಗಿತ್ತು. ಪರಊರಿನಲ್ಲಿ ಭಾಷೆ ಸರಿಯಾಗಿ ಬಾರದ ಒಬ್ಬ ತರುಣನನ್ನು ರಾತ್ರಿ ಹೊತ್ತು ದಾರಿಯಲ್ಲಿ ನಿಲ್ಲಿಸಿ ‘ಈ ಸೈಕಲ್ಲು ಯಾರದು?’ ಎಂದು ಪೊಲೀಸರು ಕೇಳಿದಾಗ, ಆತನ ಕಿಸೆಯಲ್ಲಿರುವ ನಮ್ಮ ರಸೀದಿಯೇ ಆತನ ಪರವಾಗಿ ಮಾತನಾಡಬೇಕು. ಕೊಂಡವರು ಕೇಳದಿದ್ದರೂ ನಾವು ಅದನ್ನು ಬರೆದುಕೊಡಬೇಕು.

ವಾಚನಾಲಯದ ಕಪಾಟಿನಲ್ಲಿ ಒಂದು ಉಕ್ಕಿನ ಅಳತೆಪಟ್ಟಿಯನ್ನೂ ರಸೀದಿಯ ನಮೂನೆಯ ಪ್ರತಿಗಳನ್ನೂ ಇಟ್ಟಿದ್ದೇವೆ. ಸದಸ್ಯರಲ್ಲದವರೂ ಬಳಸಬಹುದು. ಅಳತೆಪಟ್ಟಿಯನ್ನು ಮಾತ್ರ, ಸರಪಳಿಯ ಎಣ್ಣೆ ಒರೆಸಿ ಮರಳಿ ಅಲ್ಲಿಯೇ ಇಡಬೇಕೆಂದು ವಿನಂತಿ.